ತೆರೆಯ ಹಿಂದಿನ ಮಕ್ಕಳು

ಸರ್ಕಾರಿ ಕಚೇರಿಯ ಗುಮಾಸ್ತನಿಗೆ ತಿದ್ದುಪಡಿಯಷ್ಟು ಪ್ರಿಯವಾದ ವಸ್ತು ಮತ್ತೊಂದಿಲ್ಲ. ನಾನು ಬರೆದ ಟಿಪ್ಪಣಿಯನ್ನು ಸೆಕ್ಷನ್ ಆಫೀಸರು ತಿದ್ದುತ್ತಾರೆ. ಅವರು ತಿದ್ದಿದ್ದನ್ನು ಅವರ ಮೇಲಿನವರು ತಿದ್ದುತ್ತಾರೆ. ಕೊನೆಗೆ ‘ಚರ್ಚಿಸಿ’ ಎಂಬ ಒಂದೇ ಮಾತನ್ನು ಹೊತ್ತುಕೊಂಡು ಫೈಲು ನನ್ನ ಬಳಿಗೇ ಮರಳುತ್ತದೆ. ಫೈಲು ಈಗ ಕಂಪ್ಯೂಟರಿನೊಳಗೆ ಸೇರಿಕೊಂಡಿದೆಯಾದರೂ ಅದರ ಸ್ವಭಾವವೇನೂ ಬದಲಾಗಿಲ್ಲ. ಹದಿಮೂರು ವರ್ಷ ಇಂಥ ಗಾಳಿಯಲ್ಲಿ ಉಸಿರಾಡಿದವನಿಗೆ, ತಿದ್ದುವ ಅವಕಾಶವೇ ಇಲ್ಲದ ಕೆಲಸವೊಂದನ್ನು ಶಾಲೆಯ ಮಕ್ಕಳು ನಗುನಗುತ್ತ ಮಾಡುವುದನ್ನು ಕಂಡಾಗ ಆಶ್ಚರ್ಯವಾದದ್ದು ಸಹಜವೇ. ಅದು ನೇರ ಪ್ರಸಾರದ ಕೆಲಸ. ಅಲ್ಲಿ ಬಿದ್ದ ತಪ್ಪು ಬಿದ್ದೇ ಹೋಯಿತು.

ದೆಹಲಿಯ ಕನ್ನಡಿಗರಿಗೆ ಟೆಲಿವಿಷನ್ ಹೊಸದಲ್ಲ. ಭಾರತದ ಮೊದಲ ಪ್ರಸಾರ 1959ರ ಸೆಪ್ಟೆಂಬರ್ 15ರಂದು ಇದೇ ಊರಿನಲ್ಲಿ ಆರಂಭವಾಯಿತು. ಆಗ ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ. ದಿನವೂ ಪ್ರಸಾರವಾದದ್ದು 1965ರಿಂದ. ಮುಂಬಯಿಗೆ ಅದು ಬಂದದ್ದು 1972ರಲ್ಲಿ, ಬೆಂಗಳೂರಿಗೆ 1981ರಲ್ಲಿ. ಹೀಗಾಗಿ ಊರಿನ ನಂಟರಿಗಿಂತ ಇಪ್ಪತ್ತೆರಡು ವರ್ಷ ಮುಂಚೆಯೇ ಟೆಲಿವಿಷನ್ ನೋಡಿದವರೆಂಬ ಜಂಭ ನಮ್ಮ ಹಿರಿಯರಿಗೆ ಇದ್ದರೆ ಅದು ಕ್ಷಮ್ಯವೇ. 1961ರಲ್ಲಿ ದೆಹಲಿಯ ಶಾಲೆಗಳಿಗೆ ಟೆಲಿವಿಷನ್ ಪಾಠಗಳೂ ಶುರುವಾದವು. ಆದರೆ ಮಕ್ಕಳ ಜಾಗ ಪೆಟ್ಟಿಗೆಯ ಮುಂದೆ. ಕೈ ಕಟ್ಟಿ ಕುಳಿತು ನೋಡುವುದು.

ಈಗ ಮಕ್ಕಳು ಪೆಟ್ಟಿಗೆಯ ಹಿಂದಕ್ಕೂ ಹೋಗಿದ್ದಾರೆ. ಕೇರಳದಲ್ಲಿ 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಕೂಟಗಳಲ್ಲಿ ಪ್ರೌಢಶಾಲೆಯ ಮಕ್ಕಳು ಕಂಪ್ಯೂಟರಿನ ಜೊತೆಗೆ ಕ್ಯಾಮೆರಾ ಹಿಡಿಯುವುದನ್ನೂ ಕಲಿಯುತ್ತಾರೆ. ನಮ್ಮ ಸಂಘಕ್ಕೆ ಅಷ್ಟು ಅನುಕೂಲವಿಲ್ಲ. ಕಳೆದ ರಾಜ್ಯೋತ್ಸವದ ನಾಟಕವನ್ನು ಅಂತರ್ಜಾಲದ ಮೂಲಕ ಊರೂರಿಗೆ ತೋರಿಸಲು ನಮ್ಮಲ್ಲಿ ಇದ್ದದ್ದು ಎರಡು ಕ್ಯಾಮೆರಾ, ಒಂದು ಮೊಬೈಲು, ಒಂದು ಕಂಪ್ಯೂಟರು ಮತ್ತು ಆರು ಮಂದಿ ಮಕ್ಕಳು. ಮೂವರು ಕ್ಯಾಮೆರಾದ ಬಳಿ; ಒಬ್ಬ ಧ್ವನಿಗೆ; ಒಬ್ಬ ರಂಗದ ಪಕ್ಕದಲ್ಲಿ ಸನ್ನೆ ಮಾಡಲು; ಮೂರು ಚಿತ್ರಗಳಲ್ಲಿ ಯಾವುದು ಹೊರಗೆ ಹೋಗಬೇಕೆಂದು ಕ್ಷಣಕ್ಷಣಕ್ಕೂ ನಿರ್ಧರಿಸಿ ಗುಂಡಿ ಒತ್ತಲು ಒಬ್ಬಳು. ಆ ಒಬ್ಬಳು ನನ್ನ ಅಕ್ಕನ ಮಗಳು, ಒಂಬತ್ತನೆಯ ತರಗತಿ.

ಭಾವನವರಿಗೆ ಇದು ಹಿಡಿಸಲಿಲ್ಲ. “ಪರೀಕ್ಷೆಯಲ್ಲಿ ಕ್ಯಾಮೆರಾದ ಮೇಲೆ ಪ್ರಶ್ನೆ ಕೇಳುತ್ತಾರೇನಪ್ಪ?” ಎಂದು ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ಹೊರನಾಡಿಗೆ ಬಂದ ನಮ್ಮಂಥವರಿಗೆ ಹೊಲವಿಲ್ಲ, ಮನೆಯಿಲ್ಲ. ಇರುವ ಆಸ್ತಿ ಮಕ್ಕಳ ಅಂಕಗಳೇ. ಕೊನೆಗೆ ಒಪ್ಪಂದವಾಯಿತು: ಅಭ್ಯಾಸ ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಮಾತ್ರ, ಶಾಲೆಯ ಮನೆಗೆಲಸ ಮೊದಲು ಮುಗಿದಿರಬೇಕು, ರಾತ್ರಿ ಎಂಟಕ್ಕೆ ಮನೆಯಲ್ಲಿರಬೇಕು, ಕರೆದುಕೊಂಡು ಹೋಗಿ ಬರುವ ಹೊಣೆ ನನ್ನದು.

ತೊಡಕು ಬೇರೆಡೆ ಇತ್ತು. ಯಾರು ಮಾತನಾಡುತ್ತಾರೋ ಅವರ ಮುಖವನ್ನು ತೋರಿಸಬೇಕಾದರೆ ಮುಂದಿನ ಮಾತು ಯಾರದೆಂದು ಮೊದಲೇ ತಿಳಿದಿರಬೇಕು. ಹುಡುಗಿ ಮನೆಯಲ್ಲಿ ಕನ್ನಡ ಆಡುತ್ತಾಳೆ; ಓದಲು ಬಾರದು. ಶಾಲೆಯಲ್ಲಿ ಕಲಿತದ್ದು ಹಿಂದಿ, ಇಂಗ್ಲಿಷು, ಸಂಸ್ಕೃತ. ಮೊದಲ ವಾರ ನಾನು ಓದಿದ್ದನ್ನು ಅವಳು ನಾಗರಿ ಅಕ್ಷರಗಳಲ್ಲಿ ಬರೆದುಕೊಂಡಳು. ಅದು ಹದಿನೈದು ಪುಟವಾದಾಗ ಅವಳಿಗೇ ಬೇಸರ ಬಂತು. “ಮಾಮ, ಇದಕ್ಕಿಂತ ಅಕ್ಷರವನ್ನೇ ಕಲಿಯೋದು ಸುಲಭ ಅಲ್ವಾ?” ಎಂದಳು. ಅಕ್ಕ ಆರು ವರ್ಷ ಗದರಿಸಿ, ಓಲೈಸಿ, ಕಾಪಿ ಪುಸ್ತಕ ತಂದುಕೊಟ್ಟು ಸಾಧಿಸಲಾರದ್ದು ಏಳು ವಾರದಲ್ಲಿ ನಡೆಯಿತು. ಒತ್ತಕ್ಷರಗಳು ಇನ್ನೂ ಕಾಡುತ್ತವೆ. ಆದರೆ ಬೆರಳಿಟ್ಟುಕೊಂಡು ಓದುತ್ತಾಳೆ.

ನಾಟಕದ ದಿನ ಎರಡನೆಯ ಅಂಕದಲ್ಲಿ ಗೌಡನ ಪಾತ್ರಧಾರಿಗಳು ಮಾತು ಮರೆತು ಒಂದು ಪುಟವನ್ನೇ ಹಾರಿಸಿಬಿಟ್ಟರು. ಬರೆದಿಟ್ಟ ಕ್ರಮದಂತೆ ಕ್ಯಾಮೆರಾ ಇದ್ದದ್ದು ಬಾಗಿಲ ಕಡೆ. ಬಾಗಿಲಿನಿಂದ ಯಾರೂ ಬರುವಂತಿಲ್ಲ. ಹುಡುಗಿ ಕಾಗದವನ್ನು ಪಕ್ಕಕ್ಕೆ ಸರಿಸಿದಳು. ಕಿವಿಯಲ್ಲಿ ಕೇಳಿದ ಕನ್ನಡವನ್ನೇ ನೆಚ್ಚಿ, “ಎರಡು... ಈಗ ಒಂದು” ಎಂದು ಗೆಳೆಯರಿಗೆ ಮೆಲ್ಲಗೆ ಹೇಳುತ್ತ ಗುಂಡಿ ಒತ್ತಿದಳು. ಹಾಸನದಲ್ಲಿ ಟಿ.ವಿ.ಯ ಮುಂದೆ ಕುಳಿತಿದ್ದ ನಮ್ಮ ತಾಯಿಗೆ ಏನೂ ತಿಳಿಯಲಿಲ್ಲ. ಮಂಡಿನೋವಿನಿಂದ ದೆಹಲಿಯ ಪ್ರಯಾಣವನ್ನೇ ಬಿಟ್ಟವರು ಅವರು. ಫೋನಿನಲ್ಲಿ ಅವರು ಹೇಳಿದ್ದಿಷ್ಟು: “ಮುಂದಿನ ಸಾಲಿನಲ್ಲೇ ಕೂತು ನೋಡಿದ ಹಾಗಾಯಿತು ಕಣೋ. ಮಗು ಎಲ್ಲೂ ಕಾಣಲಿಲ್ಲವಲ್ಲ?” ಕಾಣದಿದ್ದದ್ದೇ ಅವಳ ಕೆಲಸದ ಗುಣ ಎಂದು ವಿವರಿಸಬೇಕಾಯಿತು.

ಇಷ್ಟು ಹೇಳಿ ಮತ್ತೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಆ ತಿಂಗಳ ಗಣಿತದ ಕಿರುಪರೀಕ್ಷೆಯಲ್ಲಿ ಹುಡುಗಿಗೆ ಅಂಕ ಕಡಮೆ ಬಂತು. ಭಾವನವರು ಗದರಲಿಲ್ಲ, ಆದರೆ ಹತ್ತನೆಯ ತರಗತಿ ಮುಗಿಯುವವರೆಗೆ ಗುಂಡಿಯ ಕೆಲಸ ಬೇಡ ಎಂದರು. ಅವಳು ಅತ್ತಳು, ಒಪ್ಪಿದಳು. ಭಾನುವಾರದ ಕನ್ನಡ ಓದನ್ನು ಮಾತ್ರ ಬಿಟ್ಟಿಲ್ಲ. ಅದಕ್ಕೆ ಭಾವನವರ ಅಡ್ಡಿಯೂ ಇಲ್ಲ.

ಆದಕಾರಣ ಸಂಘದ ಹಿರಿಯರಲ್ಲಿ ನನ್ನದೊಂದು ಅರಿಕೆ. ಈ ಮಕ್ಕಳ ತಂಡ ಒಂದು ನಾಟಕಕ್ಕೇ ಮುಗಿಯದಿರಲಿ. ಏಳು, ಎಂಟನೆಯ ತರಗತಿಯವರನ್ನು ಈಗಲೇ ಸೇರಿಸಿಕೊಳ್ಳೋಣ. ಹತ್ತು, ಹನ್ನೆರಡರವರಿಗೆ ಬಿಡುವು ಕೊಡೋಣ. ಪರೀಕ್ಷೆಯ ತಿಂಗಳುಗಳಲ್ಲಿ ಅಭ್ಯಾಸವಿಡುವುದು ಬೇಡ. ತಂತಿ, ವಿದ್ಯುತ್ತಿನ ಕೆಲಸಕ್ಕೆ ದೊಡ್ಡವರೊಬ್ಬರು ಇರಲಿ. ನಾಟಕದ ಪ್ರತಿಯನ್ನು ಮಾತ್ರ ಮಕ್ಕಳಿಗೆ ಕನ್ನಡ ಲಿಪಿಯಲ್ಲೇ ಕೊಡೋಣ, ಎರಡು ತಿಂಗಳು ಮುಂಚಿತವಾಗಿ. ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.