ಅಮ್ಮನ ಲೆಕ್ಕ

ವಡಪಳನಿಗೆ ಬಂದು ನಲವತ್ತು ವರ್ಷದ ಮೇಲಾಯ್ತು. ಮುರುಗನ ಗುಡಿಯ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ ನಮ್ಮ ಮನೆ. ಪ್ರತಿ ತೈಪೂಸಕ್ಕೂ ಹೆಗಲ ಮೇಲೆ ಕಾವಡಿ, ತಲೆ ಮೇಲೆ ಹಾಲಿನ ಕೊಡ ಹೊತ್ತವರು ನಮ್ಮ ಬೀದಿಯಲ್ಲೇ ಹೋಗ್ತಾರೆ. ಈ ಸಲ ಗೇಟಿನ ಹತ್ತಿರ ನಿಂತು ನೋಡ್ತಿದ್ದಾಗ ಪಕ್ಕದ ಮನೆಯ ಪಾಟಿ ತಮಿಳಲ್ಲಿ ಕೇಳಿದರು, "ನಿಮ್ಮ ಚರ್ಚಿನಲ್ಲಿ ಕಾವಡಿ ಇಲ್ಲ, ಮುಡಿ ಕೊಡೋದಿಲ್ಲ. ಮತ್ತೆ ದೇವರು ನಿಮ್ಮನ್ನ ಒಪ್ಪಿಕೊಂಡ ಅಂತ ಹೇಗೆ ಗೊತ್ತಾಗುತ್ತೆ?"

ನಕ್ಕು ಜಾರಿಕೊಂಡೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನ, ಇದೇ ಮನೆಯಲ್ಲಿ, 2016ರಲ್ಲಿ ನಮ್ಮಮ್ಮ ಕೇಳಿದ್ದರು.

ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಮನೆತನ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಂದಿಳಿದ ಮೇಲೆ ಶುರುವಾದ ಸಭೆ. ಹೊರಗಿನವರಿಗೆ ಬಾಸೆಲ್ ಮಿಶನ್ ಅಂದ್ರೆ ಹಂಚಿನ ಕಾರ್ಖಾನೆ, 1843ರ 'ಮಂಗಳೂರ ಸಮಾಚಾರ', 1894ರ ಕಿಟೆಲ್ ನಿಘಂಟು. ನಮಗೆ ಮಾತ್ರ ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಒಂದು ಪಾಠ: ರಕ್ಷಣೆ ಸಿಗೋದು ಕೃಪೆಯಿಂದ, ನಂಬಿಕೆಯ ಮೂಲಕ. ನಾವು ಮಾಡಿದ ಒಳ್ಳೆ ಕೆಲಸಕ್ಕೆ ಸಿಗುವ ಸಂಬಳ ಅದಲ್ಲ.

ಬಾಯಿಪಾಠ ಏನೋ ಆಯ್ತು. ಬದುಕಿದ್ದು ಮಾತ್ರ ಲೆಕ್ಕದಲ್ಲೇ. ಅಮ್ಮ ಯಾರ ಮನೆಯಲ್ಲಿ ಕಾಯಿಲೆ ಅಂದ್ರೂ ಗಂಜಿ ಮಾಡಿಕೊಂಡು ಓಡಿದವರು, ಒಂದು ಭಾನುವಾರವೂ ಚರ್ಚ್ ತಪ್ಪಿಸದವರು. ನಾನಂತೂ ಲೆಕ್ಕದವನೇ ಬಿಡಿ. ಇಲ್ಲಿನ ಒಂದು ಸಿನಿಮಾ ಕಂಪನಿಯಲ್ಲಿ ಅಕೌಂಟೆಂಟ್ ಆಗಿದ್ದೆ. ಬೆಳಗಿನ ಕಾಲ್‌ಶೀಟಿಗೆ ಬಂದ ಲೈಟ್‌ಮನ್‌ಗೆ ಇಷ್ಟು, ರಾತ್ರಿ ತನಕ ನಿಂತರೆ ಇಷ್ಟು ಬೇಟಾ. ದುಡಿಯದವನಿಗೆ ವೋಚರ್ ಇಲ್ಲ.

ಅಮ್ಮನಿಗೆ ಕಾಯಿಲೆ ಜೋರಾದಾಗ ಇಲ್ಲಿಗೆ ಕರಕೊಂಡು ಬಂದೆ. ಇನ್ನು ಮಾಡುವಂಥದ್ದು ಏನಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಅಂದರು ಡಾಕ್ಟರು. ಒಂದು ರಾತ್ರಿ ಎದ್ದು ಕೂತು ಅಮ್ಮ ಕೇಳಿದರು, "ಮಗಾ, ದೇವರು ನನ್ನನ್ನು ಸೇರಿಸಿಕೊಳ್ಳಬಹುದಾ?" ನಾನು ಅಕೌಂಟೆಂಟ್ ತಾನೇ, ಶುರು ಮಾಡಿದೆ. ಗಂಜಿ ಕೊಟ್ಟದ್ದು, ಪಕ್ಕದ ಮನೆ ಹುಡುಗಿಯನ್ನ ಓದಿಸಿದ್ದು, ಕಾಣಿಕೆ ಹಾಕಿದ್ದು... ಅಮ್ಮ ಕೈ ಅಡ್ಡ ಹಿಡಿದರು. "ಲೆಕ್ಕದಿಂದಲೇ ಆಗುವುದಾದರೆ ಆ ಬಳೆಯೂ ಲೆಕ್ಕದಲ್ಲಿ ಉಂಟಲ್ಲ?"

ಯಾವ ಬಳೆ? ಅಜ್ಜಿ ಸಾಯುವಾಗ ಚಿಕ್ಕಮ್ಮನಿಗೆ ಕೊಡು ಅಂತ ಕೊಟ್ಟಿದ್ದ ಎರಡು ಚಿನ್ನದ ಬಳೆ. 1979ರಲ್ಲಿ ಅಮ್ಮ ಅದನ್ನ ಮಾರಿದ್ದರು, ಚಿಕ್ಕಮ್ಮನಿಗೆ ಹೇಳಿರಲಿಲ್ಲ. ಮಾರಿದ್ದು ನನ್ನ ಬಿ.ಕಾಂ. ಫೀಸಿಗೆ! ನಾನು ಲೆಕ್ಕ ಕಲಿತದ್ದೇ ಆ ಬಳೆಯಿಂದ. ಏನು ಹೇಳಲಿ?

ಅಮ್ಮನೇ ಮತ್ತಾಯನ ಸುವಾರ್ತೆ ಇಪ್ಪತ್ತನೇ ಅಧ್ಯಾಯ ಓದು ಅಂದರು. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವನಿಗೂ, ಸಂಜೆ ಒಂದು ಗಂಟೆ ದುಡಿದವನಿಗೂ ಒಂದೇ ಕೂಲಿ ಕೊಡುವ ಕಥೆ. "ನಮ್ಮ ಶೂಟಿಂಗಲ್ಲಿ ಹೀಗೆ ಮಾಡಿದರೆ ಯೂನಿಯನ್ನಿನವರು ಲೈಟ್ ಆರಿಸ್ತಾರೆ" ಅಂದೆ. ಅಮ್ಮ ಅಂದರು, "ನೀನು ಬೆಳಿಗ್ಗೆ ಬಂದವನ ಜಾಗದಲ್ಲಿ ನಿಂತು ಓದುತ್ತಿ. ನಾನು ಸಂಜೆ ಬಂದವಳು."

ಆದರೂ ಇನ್ನೊಂದು ಭಯ ಉಳಿದಿತ್ತು. "ನನ್ನ ನಂಬಿಕೆಯಾದರೂ ಸಾಕಾಗುತ್ತದಾ?" ನೋಡಿ, ಇದು ಎಂಥ ಸಿಕ್ಕು. ಒಳ್ಳೆ ಕೆಲಸ ಅಳೆಯೋದು ಬಿಟ್ಟು ನಂಬಿಕೆಯನ್ನೇ ತೂಕಕ್ಕೆ ಹಾಕೋದು! ಇದಕ್ಕೆ ಉತ್ತರ ಸಿಕ್ಕಿದ್ದು ಅಮ್ಮನನ್ನ ನೋಡಲು ಬಂದ ಗೆಳೆಯನಿಂದ. ಮೇಲುಕೋಟೆ ಕಡೆಯ ಅಯ್ಯಂಗಾರಿ. ಅವರಲ್ಲಿ ಹಳೇ ವಾದ ಒಂದಿದೆಯಂತೆ. ವಡಗಲೆಯವರು ಹೇಳೋದು ಮಂಗನ ಮರಿ ಥರ, ಮರಿಯೂ ತಾಯಿಯನ್ನ ಹಿಡಕೊಂಡಿರಬೇಕು. ತೆಂಗಲೆಯವರು ಹೇಳೋದು ಬೆಕ್ಕಿನ ಮರಿ ಥರ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗ್ತಾಳೆ. ಅವರ ದೇವರ ವಿಚಾರ ಬೇರೆ, ನಮ್ಮದು ಬೇರೆ, ನಿಜ. ಆದರೆ ಅಮ್ಮ ನಕ್ಕರು. "ನನ್ನ ಕೈಯಲ್ಲಿ ಹಿಡಿಯುವ ಶಕ್ತಿ ಇಲ್ಲ. ಬೆಕ್ಕಿನ ಮರಿಯೇ ಆಗುತ್ತೇನೆ." ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.

ಈ ಕಷ್ಟ ಅಮ್ಮನೊಬ್ಬರದ್ದಲ್ಲ ಅಂತ ಆಮೇಲೆ ಓದಿ ತಿಳಕೊಂಡೆ. ಮಾರ್ಟಿನ್ ಲೂಥರ್ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿದರೂ ಇನ್ನೇನೋ ಬಿಟ್ಟೆ ಅಂತ ಒದ್ದಾಡುತ್ತಿದ್ದರಂತೆ. ಜಾನ್ ವೆಸ್ಲಿ ಉಪವಾಸ, ಜೈಲು ಸೇವೆ ಎಲ್ಲ ಮಾಡಿದ ಪಾದ್ರಿ. ಅವರಿಗೆ ತಮ್ಮ ಪಾಪವೂ ಕ್ಷಮಿಸಲ್ಪಟ್ಟಿದೆ ಅನ್ನೋ ಭರವಸೆ ಬಂದದ್ದು 1738ರ ಮೇ 24ರಂದು, ಲಂಡನ್ನಿನ ಒಂದು ಕೂಟದಲ್ಲಿ, ಲೂಥರ್ ಬರೆದದ್ದನ್ನ ಯಾರೋ ಓದ್ತಿದ್ದಾಗ. ಇದೇ ವಿಷಯಕ್ಕೆ ಒಡೆದುಹೋಗಿದ್ದ ಲೂಥರನ್ನರೂ ಕ್ಯಾಥೊಲಿಕ್ಕರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕೂತು, ದೇವರು ನಮ್ಮನ್ನ ಒಪ್ಪಿಕೊಳ್ಳೋದು ಕೃಪೆಯಿಂದಲೇ ಅಂತ ಜೊತೆಯಾಗಿ ಸಹಿ ಹಾಕಿದರು.

ಹಾಗಾದ್ರೆ ಒಳ್ಳೆ ಕೆಲಸವೇ ಬೇಡವಾ ಅಂತ ಕೇಳ್ತೀರಿ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬನ ಪತ್ರಿಕೆಯೂ ಹೇಳುತ್ತೆ. ನಾನು ಕಂಡದ್ದು ಹೇಳ್ತೀನಿ. ಮರುದಿನ ಬೆಳಿಗ್ಗೆ ಅಮ್ಮ, ಉಡುಪಿಗೆ ಫೋನ್ ಹಚ್ಚು ಅಂದರು. ಚಿಕ್ಕಮ್ಮನಿಗೆ ಬಳೆಯ ವಿಷಯ ಎಲ್ಲ ಹೇಳಿದರು. ಚಿಕ್ಕಮ್ಮ ಏನೂ ಅನ್ನದೆ ಫೋನ್ ಇಟ್ಟುಬಿಟ್ಟರು.

"ದೇವರ ಕ್ಷಮೆ ಸಿಗಲಿ ಅಂತ ಹೇಳಿದಿರಾ?" ಕೇಳಿದೆ.

"ಅಲ್ಲ ಮಗಾ, ಸಿಕ್ಕಿದ್ದಕ್ಕೆ ಹೇಳಿದೆ. ಹೆದರಿಕೆ ಇದ್ದಾಗ ಮೂವತ್ತೇಳು ವರ್ಷ ಬಾಯಿ ಬರಲಿಲ್ಲ."

ತಂಗಿ ಮಾತಾಡಲಿಲ್ಲ ಅಂತ ಅಮ್ಮ ಅತ್ತರು. ಆದರೆ ಮತ್ತೆ ಆ ಹಳೇ ಪ್ರಶ್ನೆ ಕೇಳಲಿಲ್ಲ. ಹನ್ನೆರಡು ದಿನಕ್ಕೆ ಹೋದರು. ಬಳೆಯ ಇವತ್ತಿನ ಬೆಲೆ ಕಟ್ಟಿ ಚಿಕ್ಕಮ್ಮನಿಗೆ ನಾನು ಕೊಟ್ಟೆ. ಅದೇನೂ ಪುಣ್ಯದ ಕೆಲಸವಲ್ಲ, ಸಾಲ. ಅವರು ತಗೊಂಡರು, ಕಾಫಿ ಕೊಟ್ಟರು. ಅಕ್ಕನ ಮಾತು ಎತ್ತಲಿಲ್ಲ.

ತೈಪೂಸದ ಮರುದಿನ ಪಾಟಿ ಸಿಕ್ಕಾಗ ಈ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಮ್ಮ ಧೈರ್ಯಸ್ಥೆ" ಅಂದರು. ಅದು ಅವರ ಸ್ವಂತ ಧೈರ್ಯ ಅಲ್ಲ ಪಾಟಿ, ಸಿಕ್ಕಿದ್ದು ಅಂತ ಹೇಳಬೇಕು ಅನ್ನಿಸ್ತು. ಅಷ್ಟರಲ್ಲಿ ಹಾಲಿನವನು ಬಂದ.

ನಿಮ್ಮ ಮನೆಯ ಹಿರಿಯರೂ ಕೊನೆಗಾಲದಲ್ಲಿ ಹೀಗೆ ಏನಾದ್ರೂ ಕೇಳಿದ್ದಾರಾ? ನೀವೇನು ಹೇಳಿದಿರಿ?