ಜಂತೆ ನೋಡುತ್ತಾ ನಿಂತೆ

ಚೆನ್ನೈನ ಆರ್ಯಗೌಡ ರೋಡ್ ಹಿಂಬದಿಯ ಗಲ್ಲಿಯಲ್ಲಿ ಹಳೇ ಮನೆಯೊಂದನ್ನು ಕೆಡವುತ್ತಿದ್ದರು. ಅರ್ಧ ಕಿತ್ತ ಮಾಳಿಗೆಯ ಅಂಚು ಕಣ್ಣಿಗೆ ಬಿತ್ತು. ಕೆಳಗೆ ತೇಗದ ಜಂತೆ, ಮೇಲೆ ಅಂಚು ಕೆಳಗಾಗಿ ನಿಲ್ಲಿಸಿ ಓರೆಯಾಗಿ ಜೋಡಿಸಿದ ತೆಳು ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಗಾರೆ, ಕೊನೆಗೆ ಚಪ್ಪಟೆ ಬಿಲ್ಲೆ. ಮದ್ರಾಸ್ ಟೆರೇಸ್ ಅಂದರೆ ಇದೇ. ನಮ್ಮ ಬಸವನಗುಡಿಯ ಹಳೇ ಮನೆಗಳ ನೆತ್ತಿಯ ಮೇಲೂ ಇರುವುದು ಇದೇ. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿ ದಿನಗಟ್ಟಲೆ ಮರದ ಕೊಡತಿಯಲ್ಲಿ ಬಡಿಯುತ್ತಿದ್ದರಂತೆ. ಈಗ ಬ್ರೇಕರ್‌ಗೆ ಒಂದೇ ಬೆಳಗ್ಗೆ ಸಾಕಾಯಿತು.

ಜಗಲಿ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಕೆಲಸದವರು ಅದರ ಮೇಲೇ ಕೂತು ಟೀ ಕುಡಿಯುತ್ತಿದ್ದರು. ತೇಗಕ್ಕೆ ಆಗಲೇ ಗಿರಾಕಿ ಬಂದಿದ್ದ.