ಬಿಳಿ ಬೆರಳು

"ಹೆಂಡತಿ ಒಳಗೆ ಹೋಗಿದ್ದಾರಾ ಅಣ್ಣಾ?"

ಕೀಲುನೋವಿನ ಡಾಕ್ಟರ ಬಾಗಿಲ ಹೊರಗೆ ಕೂತಿದ್ದೆ. ಊರಿಗೆ ಫೋನ್ ಮಾಡಿ ಇಟ್ಟಿದ್ದೆನಷ್ಟೆ. ಕನ್ನಡ ಕೇಳಿ, ಪಕ್ಕದ ಕುರ್ಚಿಯಲ್ಲಿದ್ದ ಮಂಗಳೂರು ಕಡೆಯ ಅಕ್ಕ ಹಾಗೆ ಕೇಳಿದರು. ಸುತ್ತ ನೋಡಿದೆ. ಹತ್ತು ಹನ್ನೆರಡು ಜನ ಇದ್ದರು, ಎಲ್ಲರೂ ಹೆಂಗಸರೇ.

"ಇಲ್ರೀ ಅಕ್ಕಾರ, ಪೇಷಂಟ್ ನಾನೇ" ಅಂದೆ.

"ಹೌದಾ ಮಾರಾಯ್ರೆ! ಈ ಸ್ಕ್ಲೆರೋಡರ್ಮಾ ಗಂಡಸರಿಗೂ ಬರ್ತದಾ?"

ಬರ್ತದೆ. ಅದು ನನಗೆ ಗೊತ್ತಾಗೋದಕ್ಕೆ ಒಂದೂವರೆ ವರ್ಷ ಹಿಡೀತು. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ನಮ್ಮದು ಇಳಕಲ್ ಕಡೆ. ಅಪ್ಪ ಗ್ರಾನೈಟ್ ಕ್ವಾರಿಯಲ್ಲಿದ್ದರು, ನಾನೂ ಅಲ್ಲೇ ಕೈ ಪಳಗಿಸಿಕೊಂಡವನು. 2009ರಲ್ಲಿ ಶಾರ್ಜಾಕ್ಕೆ ಬಂದೆ. ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ಯೋದು, ಅಂಚು ಉಜ್ಜೋದು ನನ್ನ ಕೆಲಸ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಮುಗೀತು ಅಂದ್ಕೊಂಡಿದ್ವಿ. ಸಂಜೆ ಹೊತ್ತಿಗೆ ರೆಪ್ಪೆಯೆಲ್ಲ ಬೆಳ್ಳಗಾಗಿರ್ತಿತ್ತು.

2021ರ ಜನವರಿಯಲ್ಲಿ ಒಂದು ಮುಂಜಾನೆ ಟ್ಯಾಂಕಿನ ತಣ್ಣೀರಲ್ಲಿ ಕೈ ತೊಳೆದೆ. ಮೂರು ಬೆರಳು ಸುಣ್ಣದ ಹಾಗೆ ಬಿಳುಚಿದವು, ಆಮೇಲೆ ನೀಲಿ, ಆಮೇಲೆ ಕೆಂಪು. "ಗ್ರೈಂಡರ್ ಹಿಡಿದ ಕೈ ಹಂಗೇ ಆಗ್ತದ ಬಿಡೋ" ಅಂದ್ರು ರೂಮಿನವರು. ಅವರ ಮಾತೂ ಪೂರ್ತಿ ಸುಳ್ಳಲ್ಲ. ಅದುರೋ ಮಷಿನ್ ವರ್ಷಗಟ್ಟಲೆ ಹಿಡಿದವರಿಗೆ ಬೆರಳು ಬಿಳುಚೋದುಂಟು. ಹಾಗಾಗಿ ಸುಮ್ಮನಾದೆ. ಮೂರ್ನಾಲ್ಕು ತಿಂಗಳಲ್ಲಿ ಬೆರಳು ಬಾತುಕೊಂಡವು. ಮುಂದೆ ಮೊಣಕೈವರೆಗೆ, ಎದೆವರೆಗೆ ಚರ್ಮ ಚಕ್ಕಳದ ಹಾಗೆ ಬಿಗಿಯಿತು. ರೊಟ್ಟಿ ಮುರಿಯೋಕೆ ಆಗಲಿಲ್ಲ, ಬಾಯಿ ಅಗಲಿಸೋಕೆ ಆಗಲಿಲ್ಲ. ಕ್ಯಾಂಪಿನ ಮೂರನೇ ಮಹಡಿಗೆ ಏರುವಾಗ ಎರಡು ಸಲ ನಿಲ್ಲುತ್ತಿದ್ದೆ.

ಹತ್ತಿರದ ಕ್ಲಿನಿಕ್ಕಿನಲ್ಲಿ ನೋವಿನ ಗುಳಿಗೆ ಕೊಟ್ಟರು. ಆ ವರ್ಷ ವೀಸಾ ಮೆಡಿಕಲ್ ಇತ್ತು, ಎದೆಯ ಎಕ್ಸ್‌ರೇ ಪಾಸಾಯ್ತು. "ಎಕ್ಸ್‌ರೇನೇ ಸರಿ ಐತಿ" ಅಂತ ನಾನೂ ಧೈರ್ಯ ತಂದ್ಕೊಂಡೆ. ಖರೆ ಹೇಳಬೇಕಂದ್ರೆ ಹೆದರಿಕೆಯೂ ಇತ್ತು. ಮುದೀರ್‌ಗೆ ಗೊತ್ತಾದ್ರೆ ಟಿಕೆಟ್ ಕೈಗೆ ಕೊಡ್ತಾನೆ ಅಂತ. ಕಡೆಗೆ ಒಬ್ಬ ಚರ್ಮದ ಡಾಕ್ಟರು ಕೈ ಚಿವುಟಿ ನೋಡಿದರು, ಚರ್ಮ ಮೇಲೆ ಬರಲಿಲ್ಲ. ರಕ್ತಪರೀಕ್ಷೆ, ಸಿಟಿ ಸ್ಕ್ಯಾನ್ ಆಯ್ತು. ಎಕ್ಸ್‌ರೇಯಲ್ಲಿ ಕಾಣದ್ದು ಸ್ಕ್ಯಾನಿನಲ್ಲಿ ಕಂಡಿತು: ಎರಡೂ ಶ್ವಾಸಕೋಶದ ಕೆಳಭಾಗ ಗಟ್ಟಿಯಾಗತೊಡಗಿತ್ತು. ರೋಗದ ಹೆಸರು ಸಿಸ್ಟಮಿಕ್ ಸ್ಕ್ಲೆರೋಸಿಸ್. ಮೈಯನ್ನ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳೋದು.

ಆ ಅಕ್ಕನ ಕಥೆ ಬೇರೆ. ಅವರಿಗೆ ಬೆರಳು ಬಿಳುಚೋಕೆ ಶುರುವಾಗಿ ಒಂಬತ್ತು ವರ್ಷ ಆದಮೇಲೆ ಚರ್ಮ ಬಿಗಿದದ್ದು, ಅದೂ ಬೆರಳು ಮತ್ತು ಮುಖದಲ್ಲಿ ಮಾತ್ರ. ಎದೆಯುರಿ ಉಂಟು. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿದೆಯಾ ಅಂತ ವರ್ಷಕ್ಕೊಮ್ಮೆ ಎಕೋ ಮಾಡಿಸ್ತಾರೆ. "ಮುಖ ಬದಲಾದದ್ದನ್ನೇ ಎಲ್ಲರೂ ಆಡಿಕೊಳ್ತಾರೆ, ಅದೇ ಬೇಜಾರು" ಅಂದರು. ನನ್ನ ಮುಖದ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ಕ್ಯಾಂಪಿನಲ್ಲಿ ಗಂಡಸಿನ ಮುಖ ಯಾರು ನೋಡ್ತಾರೆ?

ನಾನು ಡಾಕ್ಟರನ್ನ ಕೇಳಿದೆ, ಒಂದೇ ರೋಗ, ಇಷ್ಟು ಫರಕು ಯಾಕೆ ಅಂತ. ಒಬ್ಬ ಗಂಡಸಿಗೆ ನಾಲ್ಕು ಅಥವಾ ಇನ್ನೂ ಹೆಚ್ಚು ಹೆಂಗಸರಿಗೆ ಈ ರೋಗ ಬರ್ತದಂತೆ. ಹಾರ್ಮೋನು, ಎಕ್ಸ್ ಕ್ರೋಮೋಸೋಮು ಅಂತ ಕಾರಣ ಹುಡುಕ್ತಿದ್ದಾರೆ. ಗಂಡಸರಿಗೆ ಬರೋದು ಕಡಿಮೆ, ಬಂದರೆ ಜೋರು. ಮೈಯೆಲ್ಲ ಹರಡೋದು, ಶ್ವಾಸಕೋಶ ಕೆಡೋದು, ಬೆರಳ ತುದಿ ಹುಣ್ಣಾಗೋದು ಗಂಡಸರಲ್ಲೇ ಜಾಸ್ತಿ, ಆಯಸ್ಸೂ ಸರಾಸರಿಗೆ ಕಡಿಮೆ. ಎಲ್ಲರಿಗೂ ಹೀಗೇ ಅಂತಲ್ಲ. ಹೆಂಗಸರಲ್ಲೂ ಜೋರಾಗಿ ಬಂದವರಿದ್ದಾರೆ.

ಆಮೇಲೆ ಅವರು ಕೇಳಿದರು, "ನಿಮ್ಮ ಕೆಲಸ ಏನು?" ಒಂದೂವರೆ ವರ್ಷದಲ್ಲಿ ಯಾವ ಡಾಕ್ಟರೂ ಕೇಳದ ಪ್ರಶ್ನೆ ಅದು. ಕಲ್ಲು ಕೊಯ್ಯೋದು ಅಂದೆ. ಅವರು ಪೆನ್ನು ಕೆಳಗಿಟ್ಟರು. ಕಲ್ಲಿನ ಧೂಳಿನಲ್ಲಿರೋ ಸಿಲಿಕಾಕ್ಕೂ ಈ ರೋಗಕ್ಕೂ ನಂಟಿದೆ ಅಂತ ಹೇಳಿದರು. 1914ರಲ್ಲೇ ಎಡಿನ್‌ಬರೋದ ಬ್ರಾಮ್‌ವೆಲ್ ಅನ್ನೋ ಡಾಕ್ಟರು ಕಲ್ಲುಕುಟಿಗರಲ್ಲಿ ಇದನ್ನ ಗುರುತಿಸಿ ಬರೆದಿದ್ದರಂತೆ. 1957ರಲ್ಲಿ ಎರಾಸ್ಮಸ್ ಅನ್ನೋರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯವರಲ್ಲಿ ಕಂಡರು. ನೂರು ವರ್ಷದ ಹಿಂದೆ ಗೊತ್ತಿದ್ದ ಮಾತು ನಮ್ಮ ಶೆಡ್ಡಿನವರೆಗೆ ಬಂದಿರಲಿಲ್ಲ. ಧೂಳಂದ್ರೆ ಕೆಮ್ಮು, ಟಿಬಿ ಅಂತಷ್ಟೇ ನಮಗೆ ಗೊತ್ತು. ನಾವೀಗ ಕೊಯ್ಯೋ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಸಿಲಿಕಾ ಇರಬಹುದು, ಗ್ರಾನೈಟಿಗಿಂತ ಬಹಳ ಹೆಚ್ಚು. ಆಸ್ಟ್ರೇಲಿಯಾದವರು 2024ರ ಜುಲೈ 1ರಿಂದ ಅದನ್ನ ನಿಷೇಧಿಸಿದರು, ಮುಖ್ಯವಾಗಿ ಶ್ವಾಸಕೋಶದ ಸಿಲಿಕೋಸಿಸ್‌ಗೆ ಹೆದರಿ. ಟವೆಲ್ಲು ಆ ಸಣ್ಣ ಧೂಳನ್ನ ತಡೆಯೋದಿಲ್ಲ. ನೀರು ಬಿಟ್ಟು ಕೊಯ್ಯಬೇಕು, ಮುಖಕ್ಕೆ ಸರಿಯಾಗಿ ಕೂರೋ ಮಾಸ್ಕ್ ಹಾಕಬೇಕು.

ಇನ್ನೊಂದು ಮಾತು, ಬರೆಯೋಕೆ ನಾಚಿಕೆ, ಆದ್ರೂ ಬರೀತೀನಿ. ಈ ರೋಗ ಬಂದ ಬಹಳ ಗಂಡಸರಿಗೆ ಸಂಸಾರದ ವಿಷಯದಲ್ಲೂ ತೊಂದರೆ ಆಗ್ತದೆ, ರಕ್ತನಾಳ ಬಿಗಿಯೋದರಿಂದ. ಡಾಕ್ಟರು ಕೇಳಿದಾಗ ತಲೆ ತಗ್ಗಿಸಿದೆ. ರಜೆಗೆ ಊರಿಗೆ ಹೋದಾಗ ಹೆಂಡತಿ ಬೇರೇನೋ ಅನುಮಾನ ಪಟ್ಟಿದ್ದಳು, ಎರಡು ತಿಂಗಳು ಮಾತು ಸರಿಯಿರಲಿಲ್ಲ. ಫೋನಿನಲ್ಲಿ ಇದನ್ನ ಬಿಡಿಸಿ ಹೇಳಿದ ದಿನ ಇಬ್ಬರೂ ಅತ್ತೆವು.

ಈಗ ಮೈಕೋಫಿನೋಲೇಟ್ ಅನ್ನೋ ಗುಳಿಗೆ ನಡೀತಿದೆ. ರೋಗ ಹೋಗಿಲ್ಲ, ಆದ್ರೆ ಉಸಿರಿನ ಪರೀಕ್ಷೆ ವರ್ಷದಿಂದ ಇದ್ದಲ್ಲೇ ನಿಂತಿದೆ. ರೂಮಿನಲ್ಲೇ ಬಿಪಿ ನೋಡಿಕೊಳ್ತೀನಿ, ಅದು ಏಕಾಏಕಿ ಏರಿದ್ರೆ ಕಿಡ್ನಿಗೆ ಅಪಾಯ. ಯಾರೋ ಹೇಳಿದರು ಅಂತ ಸ್ಟೀರಾಯ್ಡ್ ನುಂಗಬಾರದು, ಕಿಡ್ನಿಗೆ ಅದೂ ಕೆಟ್ಟದ್ದೇ. ಮುದೀರ್ ಟಿಕೆಟ್ ಕೊಡಲಿಲ್ಲ, ಸ್ಟೋರಿಗೆ ಹಾಕಿದ. ಸಂಬಳ ಕಡಿಮೆ.

ಹೋದ ವಾರ ಶೆಡ್ಡಿನ ಹುಡುಗನೊಬ್ಬ ಸ್ಟೋರಿಗೆ ಬಂದ. ನಮ್ಮ ಕಡೆಯವನೇ, ಇಪ್ಪತ್ತಾರು ವರ್ಷ. ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದ. ಅವನ ಎರಡು ಬೆರಳ ತುದಿ ಬೆಳ್ಳಗಾದದ್ದು ಕಂಡೆ.

"ಕೈ ತೋರಿಸೋ" ಅಂದೆ.

"ಏನಿಲ್ರೀ ಅಣ್ಣಾರ, ಗ್ರೈಂಡರಿಂದು" ಅಂತ ಕೈಯನ್ನ ಜೇಬಿಗೆ ಹಾಕಿಕೊಂಡ. ಬರೋ ಶುಕ್ರವಾರ ಅವನನ್ನ ಕರ್ಕೊಂಡು ಹೋಗ್ತೀನಿ, ಬರೋದಿಲ್ಲ ಅಂದ್ರೂ.